ಅಂಗೈ ಮುಚ್ಚಿದ ಮೈಕು

ನಾನು ನಿಂತಿದ್ದದ್ದು ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ. ತೊಂಬತ್ತರ ದಶಕದ ನಡುವೆ ನಡೆದ ಒಂದು ತಾಲೂಕು ಪಂಚಾಯಿತಿ ಚುನಾವಣೆ. ಪ್ರಚಾರ ಮುಗಿಯುವ ದಿನದ ಸಂಜೆ, ಹೊತ್ತು ಇನ್ನೂ ಮುಳುಗಿರಲಿಲ್ಲ. ನಮ್ಮೂರಿನ ದಾರಿ ನಂದಗುಡಿ ರಸ್ತೆಯನ್ನು ಕೂಡುವ ಕಡೆ ಆ ಮಿಲ್ಲು ಇತ್ತು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ನನಗೆ ಆ ವಾರ ಬೆಳಗಿನ ಪಾಳಿ. ಮನೆಗೆ ಬಂದು ಉಂಡು, ರಾಗಿ ಬೀಸಿಸಲು ಹೋಗಿದ್ದೆ. ಕರೆಂಟು ಇತ್ತು, ಮಿಲ್ಲು ಓಡುತ್ತಿತ್ತು. ಮಿಲ್ಲು ಓಡುತ್ತಿತ್ತು ಎಂಬ ಮಾತನ್ನು ಆಮೇಲೆ ನಾನು ಎಷ್ಟು ಸಲ ಹೇಳಬೇಕಾಯಿತೋ.

ಜೀಪು ಬಂದು ನನ್ನೆದುರಿಗೇ ನಿಂತಿತು. ನನಗೂ ಅದಕ್ಕೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗ. ಡ್ರೈವರು ಎಂಜಿನ್ ಆರಿಸಿದ. ಅವನ ಪಕ್ಕದಲ್ಲಿ ಅಭ್ಯರ್ಥಿ ಕೂತಿದ್ದರು. ಹಿಂದಿನ ಸೀಟಿನಲ್ಲಿ, ಬ್ಯಾಟರಿಯ ಪಕ್ಕ, ಮೈಕು ಹಿಡಿದು ಕೂತಿದ್ದವರು ನಮ್ಮ ಮಾವ, ಅಮ್ಮನ ತಮ್ಮ.

ಮಾವನನ್ನು ಸುತ್ತಲ ಹಳ್ಳಿಗಳಲ್ಲೆಲ್ಲ ಮೈಕ್ ಅಣ್ಣ ಎನ್ನುತ್ತಿದ್ದರು. ಟೆಂಟಿನಲ್ಲಿ ಯಾವ ಪಿಚ್ಚರು, ಯಾರ ಹಸು ತಪ್ಪಿಸಿಕೊಂಡಿದೆ, ಸೊಸೈಟಿಗೆ ಸೀಮೆಎಣ್ಣೆ ಬಂದಿದೆಯೇ ಇಲ್ಲವೇ, ಎಲ್ಲವನ್ನೂ ಸಾರುತ್ತಿದ್ದವರು ಅವರೇ. ಅವರು ಸೀಮೆಎಣ್ಣೆ ಬಂದಿದೆ ಎಂದರೆ ಜನ ಡಬ್ಬ ಹಿಡಿದು ಹೊರಡುತ್ತಿದ್ದರು, ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಬಂದಿದ್ದನ್ನು ತಮ್ಮ ಕಣ್ಣಲ್ಲಿ ನೋಡದೆ ಅವರೂ ಸಾರುತ್ತಿರಲಿಲ್ಲ. ಚುನಾವಣೆ ಬಂದಾಗ ಯಾರು ಕರೆದರೂ ಹೋಗಿ ಅವರ ಗುರುತು, ಅವರ ಹೆಸರು ಕೂಗುತ್ತಿದ್ದರು. ಅದು ಅವರ ಕಸುಬು.

ಜೀಪು ನಿಂತ ಮೇಲೆ ನಾನು ಕಂಡದ್ದು ಇಷ್ಟು. ಅಭ್ಯರ್ಥಿ ಸೀಟಿನಲ್ಲೇ ಹಿಂದಕ್ಕೆ ತಿರುಗಿದರು. ಒಂದು ಕೈ ಮಾವನ ಭುಜದ ಮೇಲಿಟ್ಟು ಕಿವಿಯ ಹತ್ತಿರ ಬಾಯಿ ತಂದರು. ಮಾವ ತಕ್ಷಣ ಮೈಕನ್ನು ಅಂಗೈಯಿಂದ ಮುಚ್ಚಿದರು. ಅದು ಅವರ ಅಭ್ಯಾಸ. ಯಾರಾದರೂ ಹತ್ತಿರ ಬಂದು ಮಾತಾಡಿದರೆ ಅದು ಊರಿಗೆಲ್ಲ ಕೇಳಬಾರದು ಎಂಬುದನ್ನು ಅವರು ಮರ್ಯಾದೆ ಅಂದುಕೊಂಡಿದ್ದರು. ಅಭ್ಯರ್ಥಿಯ ತುಟಿ ಅಲ್ಲಾಡಿತು. ಮಾವನ ಹುಬ್ಬು ಮೇಲೆ ಹೋಯಿತು. ಅವರೇನೋ ಕೇಳಿದರು, ಅಭ್ಯರ್ಥಿ ತಲೆಯಾಡಿಸಿದರು. ಮಾವ ಅಂಗೈ ತೆಗೆದು, ಬೆರಳಿನಿಂದ ಮೈಕನ್ನು ತಟ್ಟಿ, ಸೀಮೆಎಣ್ಣೆ ಸಾರುವ ಅದೇ ದನಿಯಲ್ಲಿ ಹೇಳಿದರು: ಚುನಾವಣೆಯಲ್ಲಿ ಎದುರಾಳಿಯಾಗಿದ್ದ ಡೇರಿ ಸೆಕ್ರೆಟರಿಯವರು ಕಣದಿಂದ ಹಿಂದೆ ಸರಿದಿದ್ದಾರೆ, ತಮ್ಮ ಮತಗಳನ್ನೆಲ್ಲ ನಮ್ಮ ಅಭ್ಯರ್ಥಿಗೇ ಕೊಡಿ ಎಂದು ಕೇಳಿಕೊಂಡಿದ್ದಾರೆ.

ಮಿಲ್ಲಿನ ಸದ್ದನ್ನು ಮೀರಿ ಅದು ಎಲ್ಲರಿಗೂ ಕೇಳಿಸಿತು. ಒಳಗೆ ಹಿಟ್ಟು ಹಿಡಿಯುತ್ತಿದ್ದ ಮಿಲ್ಲಿನ ಯಜಮಾನರು ಕೂಗಿದರು, "ಏನ್ಲಾ ಅದು?"

"ಸೆಕ್ರೆಟ್ರಿ ಹಿಂದೆ ಸರಿದ್ಬಿಟ್ರಂತೆ," ಅಂದೆ.

"ಯಾರ್ ಹೇಳಿದ್ದು?"

"ಮಾವನೇ ಸಾರ್ತಾ ಅವ್ರೆ."

"ಮೈಕ್ ಅಣ್ಣನಾ? ಅಂಗಾದ್ರೆ ದಿಟ ಬಿಡು. ಜ್ವರ ಅಂತ ಮಲಗಿದ್ನಲ್ಲ, ಅದಕ್ಕೇ ಇರ್ಬೇಕು."

ಜೀಪು ಹೊರಡಲಿಲ್ಲ. ಡ್ರೈವರು ಕೀಲಿ ತಿರುವಿದಷ್ಟೂ ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು. ನಾನೂ ಯಜಮಾನರೂ ಹೋಗಿ ಹಿಂದಿನಿಂದ ತಳ್ಳಿದೆವು. ಮಾವ ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕರು. ಜೀಪು ಅದೇ ಮಾತನ್ನು ಸಾರುತ್ತಾ ಮುಂದಿನ ಊರಿಗೆ ಹೋಯಿತು.

ಸೆಕ್ರೆಟರಿ ಹಿಂದೆ ಸರಿದಿರಲಿಲ್ಲ. ಜ್ವರದಲ್ಲಿ ಮನೆಯಲ್ಲಿ ಮಲಗಿದ್ದರು, ಅಷ್ಟೆ. ವಿಷಯ ಅವರ ಕಿವಿಗೆ ಬೀಳುವ ಹೊತ್ತಿಗೆ ಪ್ರಚಾರದ ಗಡುವು ಮುಗಿದಿತ್ತು. ಅದು ಸುಳ್ಳೆಂದು ಸಾರಲು ಅವರಿಗೆ ಮೈಕೂ ಇರಲಿಲ್ಲ, ಅನುಮತಿಯೂ ಇರಲಿಲ್ಲ. ಸೋತರು. ಸೋತ ಮೇಲೆ ಕೇಸು ಹಾಕಿದರು. ಆರೋಪಿಗಳು ಇಬ್ಬರು: ಗೆದ್ದವರು ಮತ್ತು ನಮ್ಮ ಮಾವ.

ಗೆದ್ದವರು ಕೊಟ್ಟ ಉತ್ತರ ಸರಳವಾಗಿತ್ತು. ನಾನು ಹೇಳಿಸಿಲ್ಲ, ಉತ್ಸಾಹದಲ್ಲಿ ಅವನೇ ಏನೋ ಕೂಗಿದ್ದಾನೆ. ಮಾವ ನಡೆದದ್ದನ್ನೇ ಹೇಳಿದರು. ನಂಬಿಯೇ ಸಾರಿದೆ, ನನಗೆ ಹೇಳಿದವರು ಇವರೇ, ಅಂದರು. ಆರೋಪಿಯೇ ಹಾಗೆಂದರೆ ಸಾಲದು, ಬೇರೆಯವರ ಸಾಕ್ಷಿ ಬೇಕು ಎಂದಾಯಿತು. ಮಾವ ಸಾರಿದ್ದನ್ನು ಕೇಳಿದವರು ಹತ್ತೂರಲ್ಲಿದ್ದರು. ಮಾವನ ಕಿವಿಯಲ್ಲಿ ಬಿದ್ದದ್ದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಡ್ರೈವರು, "ಎಂಜಿನ್ ಆನ್ ಇತ್ತು ಸ್ವಾಮಿ, ಏನೂ ಕೇಳಿಸ್ಲಿಲ್ಲ," ಎಂದು ಕೈ ಮುಗಿದ. ಆಗ ಎಲ್ಲರೂ ನನ್ನ ಕಡೆ ತಿರುಗಿದರು.

ನನ್ನ ಸಾಕ್ಷಿಯ ಹಿಂದಿನ ಮಧ್ಯಾಹ್ನ ಅತ್ತೆ, ಮಾವನ ಹೆಂಡತಿ, ನಮ್ಮ ಮನೆಗೆ ಬಂದರು. ಮಾವನೂ ಬಂದಿದ್ದರು, ಆದರೆ ಒಳಗೆ ಬರದೆ ಕೊಟ್ಟಿಗೆಯ ಬಳಿ ನಿಂತರು. ನಾನು ಹಸುವಿಗೆ ಜೋಳದ ಕಡ್ಡಿ ಹಾಕುತ್ತಿದ್ದೆ. ಅತ್ತೆ ಅಲ್ಲಿಗೇ ಬಂದು ಕೇಳಿದರು.

"ಕೇಳಿಸ್ತು ಅನ್ನು. ಒಂದೇ ಮಾತು."

"ಕೇಳಿಸ್ಲಿಲ್ವಲ್ಲ ಅತ್ತೆ. ಮಿಲ್ ಓಡ್ತಿತ್ತು."

"ಆವಯ್ಯ ಹೇಳಿದ್ದು ಅದೇ ಅಂತ ನಿಂಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

ನಾನು ಹಸುವಿಗೆ ಇನ್ನೊಂದು ಹಿಡಿ ಕಡ್ಡಿ ಹಾಕಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಆವಯ್ಯ ಅಷ್ಟೊಂದು ಸುಳ್ಳು ಹೇಳಿ ಗೆದ್ದ. ನೀನು ಒಂದು ಹೇಳಕ್ಕಾಗಲ್ವಾ? ಅದೂ ದಿಟಕ್ಕೋಸ್ಕರ," ಅಂದರು.

ನಾನು ಮಾವನ ಕಡೆ ನೋಡಿದೆ. ಬೇಡ ಬಿಡು, ಕಂಡದ್ದಷ್ಟೇ ಹೇಳು, ಎಂದು ಅವರು ಹೇಳಿಬಿಟ್ಟರೆ ಸಾಕಿತ್ತು. ಅವರು ಹೇಳಲಿಲ್ಲ. ಹಸುವಿನ ಬೆನ್ನ ಮೇಲೆ ಕೈಯಾಡಿಸುತ್ತಾ, "ನಂಗೂ ಭಯ ಆಗ್ತದೆ ಕಣೋ," ಅಂದರು, ಅಷ್ಟೆ. ಅವರ ದನಿ ಅಷ್ಟು ಮೆಲ್ಲಗಿದ್ದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಾರನೆಯ ದಿನ ಕಟಕಟೆಯಲ್ಲಿ ಗೆದ್ದವರ ವಕೀಲರು ಸೌಮ್ಯವಾಗಿಯೇ ಕೇಳಿದರು. ಎಂಜಿನ್ ಆರಿತ್ತು ಅಂತೀರಿ? ಹೌದು, ಆಮೇಲೆ ನಾವೇ ತಳ್ಳಿದ್ದು. ಹಾಗಾದರೆ ನಿಶ್ಶಬ್ದವಾಗಿತ್ತು, ಮಾತು ಕೇಳಿಸಿರಬೇಕು? ಇಲ್ಲ, ಮಿಲ್ಲು ಓಡುತ್ತಿತ್ತು. ಇವರು ಮೈಕು ಮುಚ್ಚಿದ್ದನ್ನು ಕಂಡಿರಾ? ಕಂಡೆ. ಮುಚ್ಚಿಡುವಂಥದ್ದೇನಿತ್ತು? ಅದು ಅವರ ಅಭ್ಯಾಸ. ಅಭ್ಯಾಸ ಬಿಡಿ, ಇವರೇ ಮುಚ್ಚಿದ್ದು ಹೌದೋ ಅಲ್ಲವೋ? ಹೌದು. ನಮ್ಮ ಕಕ್ಷಿದಾರರು ಏನು ಹೇಳಿದರೆಂದು ನಿಮಗೆ ಕೇಳಿಸಿತೋ ಇಲ್ಲವೋ?

ಗೆದ್ದವರು ಕೈ ಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಪಕ್ಕದಲ್ಲಿದ್ದ ಮಾವ ನೆಲ ನೋಡುತ್ತಿದ್ದರು. ಇಲ್ಲಿ ಸತ್ಯವನ್ನೇ ಹೇಳುತ್ತೇನೆ ಎಂದು ನಾನು ಆಗ ತಾನೇ ಪ್ರಮಾಣ ಮಾಡಿದ್ದೆ. ಸುಳ್ಳು ಹೇಳಿದವರನ್ನು ಹಿಡಿಯಲು ನಡೆದಿದ್ದ ಕೇಸಿನಲ್ಲಿ, ಅವರು ಸಿಕ್ಕಿಬೀಳಬೇಕಾದರೆ ನಾನೊಂದು ಸುಳ್ಳು ಹೇಳಬೇಕಿತ್ತು. ಹೇಳದಿದ್ದರೆ ಸಿಕ್ಕಿಬೀಳುವವರು ಮಾವ ಒಬ್ಬರೇ.

"ಕೇಳಿಸಲಿಲ್ಲ," ಎಂದೆ.

ಗೆದ್ದವರು ಬಿಡುಗಡೆಯಾದರು. ಮಾವನಿಗೆ ಆದ ಶಿಕ್ಷೆ ಸಣ್ಣದು: ಅಂದಿನ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ನಾನು ಹೊರಗೆ ವರಾಂಡದಲ್ಲಿ ಕಾದೆ. ಬಾಗಿಲು ತೆರೆದಾಗಲೆಲ್ಲ ಅವರ ಮೊಣಕಾಲು ಮತ್ತು ಅದರ ಮೇಲಿಟ್ಟ ಎರಡು ಅಂಗೈ ಕಾಣುತ್ತಿದ್ದವು. ಸಂಜೆ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಮಾವ ನನ್ನನ್ನು ಬೈಯಲಿಲ್ಲ.

ಅದಾಗಿ ಕೆಲವು ವಾರಕ್ಕೆ ಸೊಸೈಟಿಗೆ ಸೀಮೆಎಣ್ಣೆ ಬಂತು. ಮಾವ ಸೈಕಲ್ಲಿಗೆ ಬ್ಯಾಟರಿ ಕಟ್ಟಿಕೊಂಡು ಸಾರಲು ಹೊರಟರು. ಅರಳಿಕಟ್ಟೆಯ ಮೇಲಿದ್ದವನೊಬ್ಬ ಕೂಗಿದ, "ಗುರು, ಸೀಮೆಎಣ್ಣೆ ಕಣದಲ್ಲಿ ಐತಾ, ಅದೂ ಹಿಂದೆ ಸರೀತಾ?" ಕಟ್ಟೆಯೆಲ್ಲ ನಕ್ಕಿತು. ಡಬ್ಬ ಹಿಡಿದು ಹೊರಟಿದ್ದ ಹೆಂಗಸೊಬ್ಬಳು ನಿಂತು, ಸೊಸೈಟಿ ಕಡೆಯಿಂದ ಬರುತ್ತಿದ್ದವನನ್ನು, "ಬಂದದಾ?" ಎಂದು ಕೇಳಿದಳು. ಮಾವ ಅದನ್ನು ಕಂಡರು. ಸೈಕಲ್ ತಿರುಗಿಸಿಕೊಂಡು ಮನೆಗೆ ಹೋದರು. ಆ ಮೇಲೆ ಅವರು ಮೈಕು ಹಿಡಿಯಲಿಲ್ಲ.

ಸುಳ್ಳು ಹೇಳಿ ಓಟು ಕೇಳುವವರ ಮೇಲೆ ಕೇಸು ಹಾಕಬೇಕೇ ಎಂದು ಟೀವಿಯಲ್ಲಿ ಚರ್ಚೆ ಬಂದಾಗ ಮನೆಯವರು ನನ್ನ ಮುಖ ನೋಡುತ್ತಾರೆ. ಹಾಕಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಮಾತು ಯಾರ ಬಾಯಿಂದ ಬಂತು ಎಂದಷ್ಟೇ ಕೇಳುವ ಕಾನೂನಾದರೆ, ಅದಕ್ಕೆ ಸಿಗುವುದು ಕೂಲಿಗೆ ಕೂಗಿದವರ ಬಾಯಿ. ಇದನ್ನೂ ಹೇಳುತ್ತೇನೆ. ಇನ್ನೊಂದು ಸಲ ಆ ಕಟಕಟೆಯಲ್ಲಿ ನಿಂತರೂ ಕೇಳಿಸಲಿಲ್ಲ ಎಂದೇ ಹೇಳುತ್ತೇನೆ. ಅದರಿಂದ ಸಮಾಧಾನವೇನೂ ಆಗುವುದಿಲ್ಲ.

ಗೆದ್ದವರು ಈಗಿಲ್ಲ. ಡೇರಿ ಸೆಕ್ರೆಟರಿಯೂ ಇಲ್ಲ, ಮಿಲ್ಲಿನ ಯಜಮಾನರೂ ಇಲ್ಲ. ಆ ಸಂಜೆಯನ್ನು ಕಂಡು ಇನ್ನೂ ಬದುಕಿರುವವರು ಮೂವರು. ನಾನು. ನಮ್ಮ ಮಾವ, ಈಗಲೂ ಫೋನಿನಲ್ಲಿ ಮಾತಾಡುವಾಗ ಯಾರಾದರೂ ಹತ್ತಿರ ಬಂದರೆ ಅದನ್ನು ಅಂಗೈಯಿಂದ ಮುಚ್ಚುತ್ತಾರೆ, ಬಂದವನು ನಾನಾದರೆ, ಕೇಳಿಸಲಿ ಎನ್ನುವಂತೆ, ಕೈ ತೆಗೆಯುತ್ತಾರೆ. ಮತ್ತೆ ಆ ಡ್ರೈವರು. ಪಿಲ್ಲಗುಂಪೆಯಲ್ಲಿ ಮಗನ ಟೀ ಅಂಗಡಿಯಲ್ಲಿ ಕೂತಿರುತ್ತಾನೆ. ನನ್ನನ್ನು ಕಂಡಾಗಲೆಲ್ಲ, ನಾನು ಕೇಳದಿದ್ದರೂ, ಎಂಜಿನ್ ಆನ್ ಇತ್ತು ಎನ್ನುತ್ತಾನೆ.