ಹನ್ನೊಂದು ಗಂಟೆಗೆ ಕೆಡುವ ಪೆಟ್ಟಿಗೆ

ಅವ್ವ ಧಾರವಾಡದಿಂದ ಕೊಚ್ಚಿಗೆ ಬಂದು ನನ್ನ ಜೊತೆ ಇರತೊಡಗಿದ ವರ್ಷ ನಾವು ಮೂರು ಸೆಟ್‌ಟಾಪ್ ಬಾಕ್ಸ್ ಬದಲಾಯಿಸಿದೆವು. ನಾವು ಎಂದರೆ ನಾನು ಮತ್ತು ತಿರುವನಂತಪುರದಲ್ಲಿದ್ದ ನನ್ನ ತಮ್ಮ. ತೋಪ್ಪುಂಪಡಿಯ ನಮ್ಮ ಬೀದಿಯ ಕೇಬಲ್ಲಿನಲ್ಲಿ ಕನ್ನಡದ ಒಂದು ಚಾನೆಲ್ಲೂ ಬರುತ್ತಿರಲಿಲ್ಲ, ಅವ್ವನಿಗೆ ಮಲಯಾಳಂ ಬರುತ್ತಿರಲಿಲ್ಲ. ಬೆಳಗ್ಗೆ ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಏಜೆಂಟರ ಆಫೀಸಿಗೆ ಹೊರಟರೆ ಸಂಜೆಯವರೆಗೆ ಅವಳೊಡನೆ ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ತಾರಸಿಯ ಮೇಲೊಂದು ಡಿಶ್ ಕೂರಿಸಿ, ಹನ್ನೊಂದು ಗಂಟೆಗೆ ಮರುಪ್ರಸಾರವಾಗುವ ಅವಳ ಧಾರಾವಾಹಿ ಸಿಗುವಂತೆ ಮಾಡಬೇಕು, ಅದನ್ನು ಅವಳೇ ಹಚ್ಚಿಕೊಂಡು ನೋಡುವಂತಿರಬೇಕು. ಇಷ್ಟೇ ಕೆಲಸ.

ನನ್ನ ತಮ್ಮನ ಕೈಯಲ್ಲಿ ಯಾವ ಕೆಲಸವೂ ಇಷ್ಟಕ್ಕೇ ಮುಗಿಯುವುದಿಲ್ಲ. ಅವನು ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಅವನಿಗೆ ಸಂಬಳ. ಅಂಗಡಿ ಅಂಗಡಿ ಅಲೆದು ರಿಮೋಟುಗಳ ಗುಂಡಿ ಎಣಿಸಿದ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಸ್ಕೇಲ್ ಇಟ್ಟು ಅಳೆದ. ಕಣ್ಣು ಮುಚ್ಚಿಕೊಂಡು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒತ್ತಿ ನೋಡಿದನಂತೆ. ಅವ್ವ ಕಣ್ಣು ಮುಚ್ಚಿಕೊಂಡು ಟಿವಿ ನೋಡುವುದಿಲ್ಲ ಎಂದೆ. ಪರೀಕ್ಷೆ ಎಂದರೆ ಹಾಗೇ ಅಕ್ಕಾ ಎಂದ.

ಮೊದಲ ಪೆಟ್ಟಿಗೆ ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಹನ್ನೊಂದೂಕಾಲಿಗೆ ಆಫೀಸಿಗೆ ಅವ್ವನ ಫೋನು.

"ಒತ್ತೇ ಒತ್ತಾಕತ್ತೀನಿ, ಅದು ಕೇಳವಲ್ದು."

ಸಂಜೆ ಮನೆಗೆ ಬಂದು ಒತ್ತಿದರೆ ಒಂದೇ ಸಲಕ್ಕೆ ಹತ್ತಿತು. ಮರುದಿನ ಹನ್ನೊಂದಕ್ಕೆ ಮತ್ತೆ ಇಲ್ಲ, ಸಂಜೆ ಮತ್ತೆ ಉಂಟು. ಹದಿನೈದು ದಿನ ಹೀಗೇ ಕಳೆದ ಮೇಲೆ ತಮ್ಮ ಎರಡನೆಯ ಪೆಟ್ಟಿಗೆಯನ್ನು ಬಾಳೆಕಾಯಿ ಚಿಪ್ಸಿನ ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ಹೊತ್ತು ತಂದ. ಅದರ ರಿಮೋಟಿನಲ್ಲಿ ಗುಂಡಿಗಳು ಕಡಿಮೆ, ಅಕ್ಷರ ದಪ್ಪ. ಅದೂ ಮೂರು ದಿನ ನಡೆದು ನಾಲ್ಕನೇ ದಿನ ಹಟ ಹಿಡಿಯಿತು. ರಿಪೇರಿಯವನನ್ನು ಕಳಿಸಿದೆ. ಅವನು ನಮ್ಮ ಮನೆಯಿಂದಲೇ ಫೋನ್ ಮಾಡಿ, "ಒರು ಕುಳಪ್ಪವುಮಿಲ್ಲ ಚೇಚೀ" ಎಂದ, ಯಾವ ತೊಂದರೆಯೂ ಇಲ್ಲವಂತೆ. ಆಮೇಲೆ ದನಿ ತಗ್ಗಿಸಿ, ಅಮ್ಮನಿಗೆ ವಯಸ್ಸಾಯಿತಲ್ಲವೇ ಎಂದು ಸೇರಿಸಿದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ನಾವಿಬ್ಬರೂ ಪೆಟ್ಟಿಗೆಯನ್ನು ಬಿಟ್ಟು ಅವ್ವನನ್ನೇ ಪರೀಕ್ಷಿಸತೊಡಗಿದೆವು. ಮೂರನೆಯ ಪೆಟ್ಟಿಗೆ ಬಂದಾಗ ರಿಮೋಟಿನ ಮೂರು ಗುಂಡಿ ಬಿಟ್ಟು ಉಳಿದುದೆಲ್ಲಕ್ಕೂ ತಮ್ಮ ಕಪ್ಪು ಟೇಪು ಸುತ್ತಿದ. ಏನು ಮಾಡಿದ ಮೇಲೆ ಏನು ಮಾಡಬೇಕೆಂದು ಸೌತೆಕಾಯಿ ಗಾತ್ರದ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ. ಮೂರು ದಿನ ಸರಿ. ಆಮೇಲೆ ವಾರದ ದಿನಗಳಲ್ಲಿ ಹನ್ನೊಂದಕ್ಕೆ ಇಲ್ಲ, ಸಂಜೆ ಉಂಟು, ಭಾನುವಾರ ಇಡೀ ದಿನ ಉಂಟು. ಇದನ್ನೆಲ್ಲ ಪಟ್ಟಿ ಮಾಡಿ ನೋಡಿದ ತಮ್ಮ, ಅವ್ವನ ತಲೆ ಭಾನುವಾರ ಚೆನ್ನಾಗಿರುತ್ತದೆ ಎಂಬ ತೀರ್ಮಾನಕ್ಕೆ ಬಂದ. ನಾನು ಅದನ್ನು ನಂಬಿದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ತಿರುವನಂತಪುರದ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ತಮ್ಮ ಕನ್ನಡದಲ್ಲಿ ಹೇಳುತ್ತಿದ್ದ. ಇದು ಯಾವ ಊರು ಎಂದರು. "ಮಗನ ಊರು" ಎಂದಳು ಅವ್ವ. ಮುಖ್ಯಮಂತ್ರಿ ಯಾರು ಎಂದರು. "ಇಲ್ಲಿಗೋ, ನಮ್ಮ ಕಡೀಗೋ?" ಎಂದಳು. ನೂರರಿಂದ ಏಳೇಳು ಕಳೆಯುತ್ತ ಹಿಂದಕ್ಕೆ ಬರಬೇಕಂತೆ. ಯಾಕೆ ಬರಬೇಕು ಎಂದು ಅವಳು ಕೇಳಿದ್ದನ್ನು ತಮ್ಮ ಅನುವಾದಿಸಲಿಲ್ಲ. ಭಾನುವಾರ ಮಾತ್ರ ತಿಳಿಯಾಗುವ ಮರೆವನ್ನು ತಾವು ಎಲ್ಲೂ ಕಂಡಿಲ್ಲವೆಂದು ಹೇಳಿ ಡಾಕ್ಟರು ಪೆನ್ನು ಕಚ್ಚಿಕೊಂಡು ಯೋಚಿಸಿದರು. ಒಂದು ತಿಂಗಳು ನೋಡೋಣ, ಅಲ್ಲಿಯವರೆಗೆ ಒಬ್ಬರೇ ಇರುವಾಗ ಬೆಂಕಿಯ ಹತ್ತಿರ ಬಿಡಬೇಡಿ ಎಂದರು.

ಮರುದಿನದಿಂದ ನಾನು ಆಫೀಸಿಗೆ ಹೊರಡುವ ಮುಂಚೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದೆ. ಅನ್ನ, ಸಾರು, ಪಲ್ಯ ಡಬ್ಬಿಗಳಲ್ಲಿ, ಚಹಾ ಫ್ಲಾಸ್ಕಿನಲ್ಲಿ. ಸುಮ್ಮನೆ ಇರಲಿ ಅಂತ ಅವ್ವಾ ಎಂದೆ. ನಲವತ್ತು ವರ್ಷ ಒಲೆ ಆಳಿದವಳು "ಆತು" ಎಂದಳು, ಅಷ್ಟೇ. ಜಗಳವನ್ನಾದರೂ ಆಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವಳಿಗೂ ತನ್ನ ಮೇಲೆ ಅನುಮಾನ ಹುಟ್ಟಿದೆ ಎಂದು ಗೊತ್ತಾಗಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಇದಾಗಿ ಮೂರು ವಾರಕ್ಕೆ ಒಂದು ಬುಧವಾರ ಹರತಾಳ. ಬಸ್ಸಿಲ್ಲ, ಅಂಗಡಿಯಿಲ್ಲ, ನನಗೆ ಆಫೀಸಿಲ್ಲ. ವಾರದ ನಡುವೆ ಬೆಳಗಿನ ಹೊತ್ತು ನಾನು ಮನೆಯಲ್ಲಿದ್ದದ್ದು ಅದೇ ಮೊದಲು. ಒಂಬತ್ತೂವರೆಗೆ ಅವ್ವ ಕಸ ಹೊಡೆದು, ಧೂಳು ಒರೆಸಿ, ಕಪಾಟಿನಿಂದ ಒಂದು ಗಂಟು ತೆಗೆದಳು. ಅದರೊಳಗಿಂದ ಕುಪ್ಪಸ ಹೊಲಿಯುವ ಗುಳೇದಗುಡ್ಡದ ಖಣಕ್ಕೆ ದಪ್ಪ ಅಸ್ತರು ಕೊಟ್ಟು ಹೊಲಿದ ಮುಸುಕುಗಳು ಹೊರಬಂದವು. ಮಿಕ್ಸಿಗೆ ಒಂದು, ಫೋನಿಗೆ ಒಂದು, ಟಿವಿಗೆ ದೊಡ್ಡದೊಂದು. ಕೊನೆಗೆ ಸೆಟ್‌ಟಾಪ್ ಬಾಕ್ಸಿಗೆ, ನಾಲ್ಕೂ ಕಡೆ ಮಟ್ಟಸವಾಗಿ ಕೂರುವ ಕೆಂಪಂಚಿನ ಒಂದು ಮುಸುಕು. ಹನ್ನೊಂದಕ್ಕೆ ಟಿವಿಯ ಮುಸುಕನ್ನು ಮಾತ್ರ ಎತ್ತಿಟ್ಟು, ಎದುರಿಗೆ ಕೂತು, ಗೋಡೆಯ ಮೇಲಿನ ಬರಹವನ್ನು ಒಂದೊಂದಾಗಿ ಓದಿಕೊಂಡು, ಖಣದ ಆ ಗಟ್ಟಿ ಬಟ್ಟೆಗೆ ಗುರಿಯಿಟ್ಟು ರಿಮೋಟ್ ಒತ್ತಿದಳು.

ನಾನು ಹೋಗಿ ಮುಸುಕು ಎತ್ತಿದೆ. ಅವಳು ಇನ್ನೊಮ್ಮೆ ಒತ್ತಿದಳು, ಚಿತ್ರ ಬಂತು.

ವಿಚಾರಿಸಿದಾಗ ಎಲ್ಲವೂ ಹೊರಬಿತ್ತು. ಪ್ರತಿ ಹೊಸ ಪೆಟ್ಟಿಗೆಗೂ ಅಳತೆ ತೆಗೆದು ಕೈಹೊಲಿಗೆಯಲ್ಲಿ ಮುಸುಕು ಹೊಲಿಯಲು ಅವಳಿಗೆ ಮೂರು ದಿನ ಬೇಕು. ದೀಪ ಹಚ್ಚುವ ಹೊತ್ತಿಗೆ ಮುಸುಕು ತೆಗೆಯುವುದು ಪದ್ಧತಿ, ರಾತ್ರಿ ಧೂಳು ಏಳುವುದಿಲ್ಲವಲ್ಲ. ಭಾನುವಾರ ಅವೆಲ್ಲ ಬಕೆಟ್ಟಿನಲ್ಲಿ ನೆನೆಯುತ್ತವೆ. ನನಗೆ ಭಾನುವಾರದ ಬಕೆಟ್ಟು ಕಂಡಿತ್ತು, ಕುಪ್ಪಸಗಳು ಎಂದುಕೊಂಡಿದ್ದೆ. ರಿಪೇರಿಯವನು ಬಂದ ದಿನ ತೆಗೆದದ್ದೇಕೆ ಎಂದರೆ, "ನೋಡಾಕ ಬಂದವ್ರ ಮುಂದ ಮುಚ್ಚಿಡ್ತಾರೇನು?" ಎಂದಳು. ಒತ್ತುವಾಗಲಾದರೂ ತೆಗೆಯಬಾರದಿತ್ತೇ ಎಂದರೆ, ಧಾರವಾಡದಲ್ಲಿ ಟಿವಿಯ ಸ್ಟೆಬಿಲೈಸರ್ ಇಪ್ಪತ್ತು ವರ್ಷ ಮುಸುಕಿನೊಳಗೇ ಕೆಲಸ ಮಾಡಿತ್ತಂತೆ. ಅದು ನಿಜ. ಆ ಮುಸುಕಿಗೆ ಗುಂಡಿ ಹಚ್ಚಿದವಳು ನಾನೇ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತಮ್ಮನಿಗೆ ಫೋನ್ ಮಾಡಿದೆ. ಮುಸುಕು ತನ್ನ ಪಟ್ಟಿಯಲ್ಲಿ ಇರಲಿಲ್ಲ ಎಂದ ಅವನು. ಅವ್ವ ನಗಲಿಲ್ಲ. ಮುಸುಕನ್ನು ಮಡಚಿ ಮಡಚಿ ಅಂಗೈಯಷ್ಟಾಗಿಸಿ ಹಿಡಿದುಕೊಂಡು ಕೂತಿದ್ದಳು. ಎದುರಿಗೆ ಧಾರಾವಾಹಿ ನಡೆದಿತ್ತು, ಅವಳು ಅದನ್ನು ನೋಡುತ್ತಿರಲಿಲ್ಲ.

"ಹಂಗಾರ ನನ್ನ ತಲಿ ಸರಿ ಐತೇನ?" ಎಂದಳು.

"ಸರಿ ಐತವ್ವಾ."

ಅವಳು ಎದ್ದು ಅಡುಗೆಮನೆಯ ತನಕ ಹೋದಳು. ಒಳಗೆ ಹೋಗದೆ ಬಾಗಿಲಲ್ಲೇ ನಿಂತು ನನ್ನ ಕಡೆ ತಿರುಗಿದಳು.

"ಚಾ ಮಾಡಬೇಕಂತೀನಿ. ಗ್ಯಾಸ್ ಹಚ್ಚಲೇನು?"

ಮನೆಯಲ್ಲೇ ಇದ್ದರೂ ಅಂದು ಬೆಳಗ್ಗೆಯೂ ನಾನು ರೂಢಿಯಂತೆ ರೆಗ್ಯುಲೇಟರನ್ನು ಬೀರುವಿನಲ್ಲಿಟ್ಟಿದ್ದೆ. ತಲೆ ತಗ್ಗಿಸಿಕೊಂಡು ಬೀರುವಿನ ಬೀಗದ ಕೈಯನ್ನು ಅವಳ ಕೈಯಲ್ಲಿಟ್ಟೆ.