ಬಲಗಡೆಯಿಂದ ಬರುತ್ತಿದ್ದ ಬ್ರಶ್ಶು

ಮೊನ್ನೆ ಈ ಅರಬ್ಬಿ ದೇಶದಲ್ಲಿ, ಗುದೈಬಿಯಾದ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ತೆಂಗಿನೆಣ್ಣೆಯ ವಾಸನೆ. ಯಾರೋ ತಲೆಗೆ ಹಾಕಿಕೊಂಡು ಇಳಿದು ಹೋಗಿದ್ದರು. ಊರಿನವರಿಗೆ ಈ ವಾಸನೆ ಬಂದರೆ ಅಮ್ಮನ ನೆನಪಾಗುತ್ತದಂತೆ. ನನಗೆ ಉಸ್ತಾದರ ಬ್ರಶ್ಶುಗಳ ನೆನಪಾಯಿತು...

ಉಸ್ತಾದರು ಭಟ್ಕಳದವರು. ಇಲ್ಲೇ ಹತ್ತಿರದ ಸೆಗಯಾದ ಒಂದು ಸಣ್ಣ ಕೋಣೆಯಲ್ಲಿ ನಾವಿಬ್ಬರೂ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆವು. ನಾನು ಎಡಗಡೆಯಿಂದ ಇಂಗ್ಲಿಷ್ ಬರೆಯುತ್ತಾ ಹೋಗುವುದು, ಅವರು ಬಲಗಡೆಯಿಂದ ಅರಬ್ಬಿ ಬರೆಯುತ್ತಾ ಬರುವುದು. ನಡುವೆ ಮೊಣಕೈಗೆ ಮೊಣಕೈ ತಾಗಿದರೆ ಚಹಾ ಕುಡಿಯುವ ಹೊತ್ತಾಯಿತು ಅಂತ ಲೆಕ್ಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆದರೆ ನನ್ನ ಅಕ್ಷರ ನೋಡಿ ಯಾರೂ ಹಾಗೆ ಹೇಳಲಿಕ್ಕಿಲ್ಲ. ಆ ಕಾಲದಲ್ಲಿ ನನಗೆ ಸರಿಸಮ ನಿಲ್ಲುವವರು ಅವರೊಬ್ಬರೇ.

ಎನಾಮಲ್ ಪೇಂಟು, ಅಳಿಲಿನ ಕೂದಲಿನ ಬ್ರಶ್ಶು ಅಂದರೆ ಅವರಿಗೆ ಜೀವ. ಸಂಜೆ ಟರ್ಪೆಂಟೈನಿನಲ್ಲಿ ತೊಳೆದು, ಕೂದಲು ಗಟ್ಟಿಯಾಗದ ಹಾಗೆ ತೆಂಗಿನೆಣ್ಣೆ ಸವರಿ, ಡಬ್ಬಿಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಆಮೇಲೆ ಕೆಮ್ಮು ಹಿಡಿಯಿತು. ಟರ್ಪೆಂಟೈನಿನ ವಾಸನೆ ಬಿಡದಿದ್ದರೆ ಆಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಸಾಕು, ಬಂದುಬಿಡಿ ಎಂದು ಊರಿನಿಂದ ಮಗನ ಫೋನು. ಅವರಿಗೆ ಮನಸ್ಸಿಲ್ಲ.

"ಅಲ್ಲಿ ಹೋಗಿ ನಾನು ಎಂತ ಮಾಡುವುದು? ಮೀನಿನ ರೇಟು ಕೇಳಿಕೊಂಡು ಕೂತುಕೊಳ್ಳುವುದಾ?"

ಉಳಿದ ದಾರಿ ನೀರಿನ ಪೇಂಟು. ಅದಕ್ಕೆ ಅಳಿಲಿನ ಕೂದಲು ಆಗುವುದಿಲ್ಲ. ನೀರು ಕುಡಿದು ಒದ್ದೆ ಬೆಕ್ಕಿನ ಬಾಲದ ಹಾಗೆ ಜೋತು ಬೀಳುತ್ತದೆ. ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ನೈಲಾನ್ ಬ್ರಶ್ಶು ತೋರಿಸಿದೆ. ನೀರಲ್ಲಿ ಅದ್ದಿ, ಕೊಡವಿ, ಹೆಬ್ಬೆರಳಿನ ಮೇಲೆ ಬಗ್ಗಿಸಿ ಬಿಟ್ಟೆ. ಕೂದಲು ಪಟ್ಟನೆ ನೇರವಾಗಿ, ಅಂಚು ಒಂದೇ ಗೆರೆಗೆ ಬಂದದ್ದನ್ನು ತೆಗೆದಿಟ್ಟೆ. ಒಂದೆರಡು ಕೂದಲು ಹೊರಗೆ ಕೆದರಿ ನಿಂತದ್ದನ್ನು ವಾಪಸು ಕೊಟ್ಟೆ.

"ಇದರಲ್ಲಿ ಹಲ್ಲುಜ್ಜಲಿಕ್ಕಾ ಮಾರಾಯ?"

"ಮೊದಲು ಬರೆದು ನೋಡಿ ಉಸ್ತಾದ್. ಆಗದಿದ್ದರೆ ಹಲ್ಲುಜ್ಜುವ."

ಬ್ಲೇಡು ಹಿಡಿದು ಅದರ ತುದಿಯನ್ನು ಅರಬ್ಬಿಗೆ ಬೇಕಾದ ಹಾಗೆ ಓರೆಯಾಗಿ ಕತ್ತರಿಸಿಕೊಂಡರು. ಕೋಣೆಯಲ್ಲಿ ಹಳೇ ಹಲಗೆಯ ಮೇಲೆ ಬರೆದು ನೋಡಿದರು. ಚೆನ್ನಾಗಿಯೇ ಬಂತು.

ಮರುದಿನ ಜುಫೈರಿನ ಒಂದು ಕೇಕ್ ಅಂಗಡಿಯ ಒಳಗೋಡೆ. ನಾನು ಎಡಗಡೆ ಶುರು ಮಾಡಿದ್ದೆ. ಆ ಕಡೆಯಿಂದ ಸದ್ದೇ ಇಲ್ಲ. ತಿರುಗಿ ನೋಡಿದರೆ ಅವರ ಮೊದಲ ಅಕ್ಷರ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಒಡೆದಿತ್ತು. ಉಸ್ತಾದರು ಸ್ಟೂಲಿನ ಮೇಲೆ ಕೂತಿದ್ದರು.

"ಕೈ ಹೋಯಿತು ಮಾರಾಯ. ಮಗನಿಗೆ ಫೋನು ಮಾಡ್ತೇನೆ."

ಬ್ರಶ್ಶು ತೆಗೆದುಕೊಂಡು ಮೂಸಿದೆ. ತೆಂಗಿನೆಣ್ಣೆ.

"ನಿನ್ನೆ ಸಂಜೆ ಇದಕ್ಕೆ ಎಣ್ಣೆ ಹಾಕಿದ್ರಾ?"

"ಹಾಕದೆ? ಕೂದಲು ಒಣಗುವುದಿಲ್ಲವಾ?"

"ನೈಲಾನಿಗೆ ಎಂತ ಒಣಗುವುದು ಉಸ್ತಾದ್!"

ಬ್ರಶ್ಶು ತೆಗೆದುಕೊಂಡು ಅವರೂ ಮೂಸಿದರು. ಮತ್ತೆ ಕೆಮ್ಮು ಬರುವಷ್ಟು ನಕ್ಕರು.

ಕೇಕ್ ಅಂಗಡಿಯ ಸಿಂಕಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ, ಬೆರಳಿಗೆ ಜಾರುವುದು ನಿಲ್ಲುವ ತನಕ ಬ್ರಶ್ಶು ತೊಳೆದೆ. ಗೋಡೆಯನ್ನೂ ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿದೆವು. ಅವರು ಎದ್ದು ಮತ್ತೆ ಬರೆದರು. ಅಕ್ಷರ ನಿಂತಿತು. ಆ ದಿನ ಮೊಣಕೈ ತಾಗುವಾಗ ಚಹಾದ ಹೊತ್ತು ದಾಟಿತ್ತು.

ಆಮೇಲೆ ಅವರೇ ನನಗೆ ಕಾವಲು. ಪೇಂಟು ಅರ್ಧ ಕೂದಲಿಗಿಂತ ಮೇಲೆ ಹತ್ತಿದರೆ, "ಬುಡದ ತಗಡಿನ ಒಳಗೆ ಹೋಗಿ ಗಟ್ಟಿಯಾಗಿ ಕೂತರೆ ಬ್ರಶ್ಶು ಸತ್ತಿತು" ಅನ್ನುವರು. ಏಸಿ ಗಾಳಿಗೆ ಪೇಂಟು ಬೇಗ ಗಟ್ಟಿಯಾಗುತ್ತದೆಂದು ಆಗಾಗ ಬ್ರಶ್ಶನ್ನು ನೀರಲ್ಲಿ ಜಾಲಿಸುವರು. ನಾನು ಬ್ರಶ್ಶನ್ನು ನೀರಿನ ಡಬ್ಬಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ ಚಹಾಕ್ಕೆ ಹೊರಟರೆ, "ಬಾ ಇಲ್ಲಿ, ಅದರ ಕುತ್ತಿಗೆ ಮುರೀಬೇಡ" ಎಂದು ಬೈಗುಳ.

ಹಾಗೆ ಇನ್ನೂ ಕೆಲವು ವರ್ಷ ಬರೆದರು. ಒಮ್ಮೆ ರಜೆಗೆ ಹೊರಟವರು ಆ ಓರೆ ಬ್ರಶ್ಶನ್ನು ನನ್ನ ಕೈಗೆ ಕೊಟ್ಟು, "ಇಟ್ಟುಕೋ, ಬಂದ ಮೇಲೆ ಬೇಕು" ಅಂದರು. ಬಂದದ್ದು ಅವರ ಮಗನ ಫೋನು...

ಈಗ ಎಲ್ಲ ಸ್ಟಿಕ್ಕರ್. ಕೈಬರಹವೇ ಬೇಕು ಅನ್ನುವ ಕೆಫೆಯವರು ಅಪರೂಪಕ್ಕೆ ಕರೆಯುತ್ತಾರೆ. ಅರಬ್ಬಿ ಕಡೆ ಮೆಶೀನು ಕತ್ತರಿಸಿದ ಅಕ್ಷರ ಮೊದಲೇ ಅಂಟಿಸಿರುತ್ತಾರೆ. ಉಸ್ತಾದರ ಬ್ರಶ್ಶು ನನ್ನ ಕೈಗೆ ಆಗುವುದಿಲ್ಲ, ಅದರ ಓರೆ ಬೇರೆ. ಆದರೂ ನನ್ನವುಗಳ ಜೊತೆ ಅದನ್ನೂ ಸೋಪಿನಲ್ಲಿ ತೊಳೆದು, ತುದಿ ತಿದ್ದಿ ಮಲಗಿಸುತ್ತೇನೆ. ಎಣ್ಣೆ ಸೋಕಿಸುವುದಿಲ್ಲ.

ಎಡಗಡೆಯಿಂದ ಬರೆಯುತ್ತಾ ಬೋರ್ಡಿನ ನಡುವಿಗೆ ಬಂದಾಗ ಈಗಲೂ ಮೊಣಕೈಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತೇನೆ. ಆ ಕಡೆಯಿಂದ ಬರುವವರಿಗೆ ಜಾಗ ಬೇಕಲ್ಲ.