ಡಬ್ಬದೊಳಗಿನ ಕಣ್ಣು, ಟವೆಲ್ಲಿನೊಳಗಿನ ಕೈ

ಬಿಡದಿಯ ಆಚೆ ಹೊಸದಾಗಿ ಏಳುತ್ತಿರುವ ಲೇಔಟೊಂದರ ಆಫೀಸಿನಲ್ಲಿ ಆ ಭಾನುವಾರ ಹೊಂಗನೂರಿನಿಂದ ಬಂದಿದ್ದ ನಮ್ಮಕ್ಕ, ಅವಳ ಗಂಡ ಅಂದರೆ ನನ್ನ ಭಾವ, ನಾನು, ನನ್ನ ಹೆಂಡತಿ, ಮತ್ತೆ ಟೈ ಕಟ್ಟಿಕೊಂಡ ಒಬ್ಬ ಸೇಲ್ಸಿನವರು ಇದ್ದೆವು. ಇಲ್ಲದೆ ಇದ್ದದ್ದು ಮನೆ ಮಾತ್ರ. ನಾವು ಹೋಗಿದ್ದು ಅದನ್ನು ನೋಡುವುದಕ್ಕೆ.

ಕಟ್ಟದ ಮನೆಯನ್ನು ನೋಡುವುದು ಈಗ ಕಷ್ಟವಲ್ಲ. ಕಣ್ಣಿಗೊಂದು ವೀಆರ್ ಡಬ್ಬ ಬಿಗಿದುಕೊಂಡರೆ ಬಾಗಿಲು ತಾನೇ ತೆರೆಯುತ್ತದೆ, ಮಹಡಿ ಹತ್ತಬಹುದು, ನನ್ನಂಥ ಮಂಡಿನೋವಿನವನಿಗೂ ಆ ಮೆಟ್ಟಿಲು ಒಂದು ಮಾತನ್ನೂ ಅನ್ನುವುದಿಲ್ಲ. ಒಳಗೆ ಬಿಡುವ ಮೊದಲು ಅದು ಏನೇನೋ ಷರತ್ತು ಹೇಳಿ ನನ್ನ ಒಪ್ಪಿಗೆ ಕೇಳಿತು. ನಾನು ವಿದ್ಯಾವಂತ. ಓದದೆ ಒಪ್ಪಿದೆ. ಮನೆಯವರೆಲ್ಲರ ಪರವಾಗಿಯೂ ಒಪ್ಪಿದೆ.

ಅಕ್ಕನಿಗೆ ಬೇಕಾಗಿದ್ದದ್ದು ನಿಜವಾಗಿ ಮನೆಯಲ್ಲ, ಮೂಲೆಮನೆಯ ಅಡುಗೆಮನೆಯಲ್ಲಿದ್ದ ಕಿಟಕಿ. ಜಾಹೀರಾತಿನ ಚಿತ್ರದಲ್ಲಿ ಅದನ್ನು ಕಂಡಾಗಿನಿಂದ ಅವಳಿಗೆ ಅದೇ ಧ್ಯಾನ. ರೇಷ್ಮೆಹುಳು ಸಾಕುವ ಮನೆಯಲ್ಲಿ ಮನುಷ್ಯರು ಬಾಡಿಗೆದಾರರಿದ್ದ ಹಾಗೆ. ಗಾಳಿ ಬೆಳಕಿರುವ ಕೋಣೆ ಹುಳುವಿನದು, ಮಿಕ್ಕ ಕತ್ತಲೆ ನಮ್ಮದು. ಒಗ್ಗರಣೆಯ ಘಾಟು ಹುಳುವಿಗೆ ಆಗದೆಂದು ಅಕ್ಕನ ಅಡುಗೆಮನೆಗೆ ಹುಳುವಿನ ಕೋಣೆಯ ಕಡೆ ಇದ್ದ ಒಂದೇ ಕಿಟಕಿಯನ್ನು ಅವಳು ಮದುವೆಯಾಗಿ ಬರುವ ಮೊದಲೇ ಇಟ್ಟಿಗೆಯಿಟ್ಟು ಮುಚ್ಚಿದ್ದರು. ಹುಳು ಘಾಟಿಲ್ಲದೆ ಗೂಡು ಕಟ್ಟಿತು. ಅಕ್ಕ ಹೊಗೆಯಲ್ಲಿ ಸಂಸಾರ ಕಟ್ಟಿದಳು.

ಭಾವ ದನದ ವ್ಯಾಪಾರದ ದಲ್ಲಾಳಿ. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈಯೂ ಮಾರುವವನ ಕೈಯೂ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ, ಬೆರಳು ಬೆರಳನ್ನು ಹಿಡಿದು ಮಾತಾಡುತ್ತವೆ, ಸುತ್ತ ನಿಂತವರಿಗೆ ಇಬ್ಬರು ಗಂಡಸರ ಪೆಚ್ಚುಮೋರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಂಪನಿಗಳು ಈಗ ಪ್ರೈವೆಸಿ ಪಾಲಿಸಿ ಎಂದು ಪುಟಗಟ್ಟಲೆ ಬರೆಯುತ್ತವಲ್ಲ, ಭಾವನ ಪಾಲಿಸಿ ಒಂದೇ ಟವೆಲ್ಲಿನಲ್ಲಿ ಮುಗಿಯುತ್ತಿತ್ತು. ಒಗೆಯಲೂ ಬರುತ್ತಿತ್ತು. ಇನ್ನು ತಾವು ಮೆಚ್ಚಿದ ಎತ್ತಿನ ಕಡೆ ಭಾವ ಕಣ್ಣೆತ್ತಿಯೂ ನೋಡುವವರಲ್ಲ. ಪಕ್ಕದ ಎತ್ತಿನ ಹಲ್ಲು ಎಣಿಸುತ್ತ ನಿಲ್ಲುವರು.

ಅವತ್ತು ತಟ್ಟೆ ಇಡ್ಲಿ ತಿನ್ನುವಾಗಲೇ ಅಕ್ಕನಿಗೆ ತಾಕೀತು ಮಾಡಿದ್ದರು. "ನೀನು ಆ ಡಬ್ಬ ಮುಟ್ಬ್ಯಾಡ ಕಣಮ್ಮಿ. ಮೆಚ್ಚಿದ್ದೆಲ್ಲ ನಿನ್ ಮೊಕದಾಗೇ ಬರ್ದಿರ್ತದೆ. ಆಮೇಲೆ ರೇಟು ಒಸಿನೂ ಇಳಿಯಾಕಿಲ್ಲ."

"ನಿಮ್ ಮೊಕದಾಗೆ ಏನೂ ಬರ್ದಿರಾಕಿಲ್ಲ ಬುಡಿ. ಮದ್ವೆ ದಿನಾನೂ ಇರ್ಲಿಲ್ಲ," ಎಂದಳು ಅಕ್ಕ.

ಮೊದಲು ನಾನು ಒಳಗೆ ಸುತ್ತಾಡಿ ಬಂದೆ. ಆಮೇಲೆ ಭಾವ ಡಬ್ಬ ಕಟ್ಟಿಕೊಂಡರು. ತಮಗೆ ಹೊರಗಿನದೇನೂ ಕಾಣದಷ್ಟು ಮುಖ ಮುಚ್ಚಿದ ಮೇಲೆ ತಾವೂ ಯಾರಿಗೂ ಕಾಣರೆಂಬ ಧೈರ್ಯ ಬಂದಿರಬೇಕು. ಎತ್ತಿಗೆ ಹೆಸರಿಡುವ ಧಾಟಿಯಲ್ಲೇ ಶುರುಮಾಡಿದರು. "ಇದ್ಯಾವ ಮನೆನಪ್ಪ. ಬಾಗ್ಲು ಕುಳ್ಳು. ಜಗಲಿ ಬಡಕ್ಲು. ಅಡ್ಗೆಮನೆಯಂತೂ ಬ್ಯಾಡ್ವೇ ಬ್ಯಾಡ." ಹೀಗೆನ್ನುತ್ತ ಹೆಗಲ ಮೇಲಿನ ಟವೆಲ್ಲನ್ನು ಬಲಗೈ ಮೇಲೆ ಇಳಿಬಿಟ್ಟು ಗಾಳಿಯಲ್ಲಿ ಚಾಚಿದರು. ಸೇಲ್ಸಿನವರು ನನ್ನ ಮುಖ ನೋಡಿದರು. ನಾನು ಕಣ್ಸನ್ನೆ ಮಾಡಿದೆ. ಪಾಪ, ಅವರು ಟವೆಲ್ಲಿನೊಳಗೆ ಕೈಯಿಟ್ಟು, ಭಾವ ಹಿಡಿದ ಬೆರಳುಗಳ ಅರ್ಥವಾಗದೆ, ಕೈಕುಲುಕಿ ಥ್ಯಾಂಕ್ಯೂ ಅಂದರು.

ಆಮೇಲೆ ಗೋಡೆಯ ಟೀವಿ ಹಾಕಿ ಹೆಮ್ಮೆಯಿಂದ ಹೇಳಿದರು: "ನೀವು ಏನೇನು ನೋಡಿದ್ರಿ, ಎಷ್ಟು ಹೊತ್ತು ನೋಡಿದ್ರಿ, ಎಲ್ಲಾ ಬರುತ್ತೆ ಸರ್. ಜಾಸ್ತಿ ನೋಡಿದ್ದು ಕೆಂಪಗೆ."

ನಾನು ನೋಡಿದ್ದರಲ್ಲಿ ಕೆಂಪಗೆ ಉರಿಯುತ್ತಿದ್ದದ್ದು ಒಂದೇ ಒಂದು: ಊಟದ ಮೇಜಿನ ಮೇಲೆ ಅಲಂಕಾರಕ್ಕೆಂದು ಇಟ್ಟಿದ್ದ ಹೋಳಿಗೆ ತಟ್ಟೆ. ಸಕ್ಕರೆ ಕಾಯಿಲೆಯವನ ಹೆಂಡತಿಗೆ ಇಷ್ಟು ಸಾಕು. "ಇಲ್ದಿರೋ ಮನೇಲೂ ಬಿಡಲ್ವಲ್ರೀ," ಎಂದಳು.

ಮುಂದಿನದು ಭಾವನ ಚಿತ್ರ. ಜಗಲಿ, ನಡುಮನೆ, ಮಹಡಿ ಎಲ್ಲ ಬೆಳ್ಳಗೆ ಬಿಳುಚಿಕೊಂಡಿದ್ದವು. ಅಡುಗೆಮನೆಯ ಕಿಟಕಿ ಮಾತ್ರ ಅಕ್ಕನ ಹಣೆಯ ಕುಂಕುಮದಷ್ಟು ಕೆಂಪಗಿತ್ತು.

"ಸರ್‌ಗೆ ಕಿಟಕಿ ತುಂಬಾ ಹಿಡಿಸಿದೆ. ಇಷ್ಟು ಹಿಡಿಸಿದ ಮೇಲೆ ರೇಟ್ ಕಮ್ಮಿ ಮಾಡಕ್ಕೆ ಸಿಸ್ಟಂ ಬಿಡಲ್ಲ ಸರ್," ಎಂದರು ಸೇಲ್ಸಿನವರು, ತುಂಬ ವಿನಯದಿಂದ.

ಅಕ್ಕ ಟೀವಿಯನ್ನೇ ನೋಡುತ್ತಿದ್ದಳು. "ಅದ್ಯಾಕ್ರೀ ಅಲ್ಲೇ ನೋಡ್ತಾ ನಿಂತ್ಬುಟ್ರಿ?"

"ಕಣ್ಗೆ ಧೂಳು ಬಿದ್ದಿತ್ತು ಕಣಮ್ಮಿ."

"ಆ ಡಬ್ಬದೊಳ್ಗೆ ಎಲ್ಲಿಂದ ಬತ್ತದೆ ಧೂಳು?"

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು.

ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ಹಾಯುವಾಗಲೆಲ್ಲ ನನಗೆ ಹುಳುವಿನ ಬಗ್ಗೆ ಕನಿಕರ. ಪಾಪ, ಯಾರೂ ನೋಡದಿರಲೆಂದು ತನ್ನ ಸುತ್ತ ತಾನೇ ಗೋಡೆ ನೇಯ್ದುಕೊಳ್ಳುತ್ತದೆ. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯವರಿಗೆ ಬೇಕಾಗಿರುವುದು ಆ ಗೋಡೆಯೇ. ಡಬ್ಬ ಕಟ್ಟಿಕೊಂಡ ನಮ್ಮದೂ ಹೆಚ್ಚು ಬೇರೆಯಲ್ಲ. ಒಳಗೆ ಒಬ್ಬರೇ ಇದ್ದೇವೆಂದು ನಾವು ಹಾಯಾಗಿ ಕಣ್ಣಾಡಿಸುತ್ತಿದ್ದರೆ ಹೊರಗೆ ಯಾರೋ ಕೂತು ಒಂದೊಂದೇ ಎಳೆ ಎಳೆದುಕೊಳ್ಳುತ್ತಿರುತ್ತಾರೆ. ಅವತ್ತಿನಿಂದ ನನ್ನ ಫೋನಿನಲ್ಲಿ ಹೋಳಿಗೆ ಜಾಹೀರಾತು ನಿಂತಿಲ್ಲ. ಆದರೂ ನನ್ನ ಸಿಟ್ಟಿಗೆ ಒಂದು ಅಡ್ಡಿಯಿದೆ. ಅಕ್ಕ ಇಷ್ಟು ವರ್ಷ ಬಾಳಿ ಓದಲಾಗದ ಮುಖವನ್ನು ಆ ಕಳ್ಳ ಡಬ್ಬ ಓದಿಕೊಟ್ಟಿತು. ಕದ್ದವನು ಬಾಗಿಲಲ್ಲಿ ನಿಂತು ನಮ್ಮದನ್ನೇ ನಮಗೆ ತೋರಿಸಿದರೆ ಬೈಯುವುದಾದರೂ ಹೇಗೆ?

ಮೂಲೆಮನೆಯನ್ನು ಅವರು ಕೊಳ್ಳಲಿಲ್ಲ. ರೇಟು ಇಳಿಯಲಿಲ್ಲ, ಭಾವನ ಕೈಗೆ ಎಟುಕಲಿಲ್ಲ. ಆಫೀಸಿನಿಂದ ಮಾತ್ರ ಫೋನು ಬರುತ್ತಲೇ ಇತ್ತು, ಆ ಕಿಟಕಿ ಇನ್ನೂ ಖಾಲಿ ಇದೆ ಎಂದು.

ಹಬ್ಬ ಕಳೆದ ಮೇಲೆ ಹೊಂಗನೂರಿಗೆ ಹೋಗಿದ್ದೆ. ಹುಳುವಿನ ಕೋಣೆಗೆ ತಗುಲದ ಮೂಡಲ ಗೋಡೆಯನ್ನು ಒಡೆಸಿ ಭಾವ ಅಡುಗೆಮನೆಗೊಂದು ಕಿಟಕಿ ಇಡಿಸಿದ್ದರು. ಗಾರೆ ಇನ್ನೂ ಹಸಿಯಾಗಿತ್ತು. ಅಕ್ಕ ಅಲ್ಲಿ ನಿಂತು ಸಾಸಿವೆ ಸಿಡಿಸುತ್ತಿದ್ದಳು. ಬೀದಿಯವರು ಇಣುಕುತ್ತಾರೆಂದು ಕಿಟಕಿಯ ಅರ್ಧಕ್ಕೆ ಪರದೆ ಕಟ್ಟಿದ್ದಳು. ಅದು ಭಾವನ ಟವೆಲ್ಲು.